ಕಿಟಕಿಯಿಂದ ಹಿಡಿದ ಸೀಟು

ಕಳೆದ ಸೆಪ್ಟೆಂಬರ್ ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಉಡುಪಿಯ ಕಡಿಯಾಳಿಯ ಒಂದು ಸಣ್ಣ ಸಭಾಂಗಣದಲ್ಲಿ ನನ್ನ ಅಕ್ಕ ಮೊದಲ ಬಾರಿಗೆ ಮೈಕಿನ ಮುಂದೆ ನಿಂತು ಭಾಷಣ ಮಾಡಿದಳು. ವಿಷಯ, ಬಸ್ಸಿನಲ್ಲಿ ಸೀಟು ಹಿಡಿಯುವುದು. ಸಭೆ ಕರೆದದ್ದು ನಾನು ಸದಸ್ಯೆಯಾಗಿರುವ ಸ್ಥಳೀಯ ಇತಿಹಾಸದ ಬಳಗ. ಪತ್ರಿಕೆಗಳಿಗೆ ವರದಿ ಬರೆದು ಕಳಿಸಿದ್ದು ನಾನು.

ವರದಿಯಲ್ಲಿ ತಪ್ಪು ಇರಲಿಲ್ಲ. ಮಾತನಾಡಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲವೂ ನಮ್ಮ ಕಡೆಯ ಪತ್ರಿಕೆಗಳು ಬಯಸುವ ಕ್ರಮದಲ್ಲೇ ಇತ್ತು. ಜನ ನಕ್ಕದ್ದನ್ನು ಬರೆಯಲಿಲ್ಲ. ಬೇರೆ ಯಾರಾದರೂ ಮಾತನಾಡಿದ್ದರೆ 'ಸಭಿಕರನ್ನು ನಗೆಗಡಲಲ್ಲಿ ತೇಲಿಸಿದರು' ಎಂದು ಒಂದು ಸಾಲು ಸೇರಿಸುತ್ತಿದ್ದೆನೋ ಏನೋ.

ನಾನು ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಉಪಸಂಪಾದಕಿಯಾಗಿದ್ದು ನಿವೃತ್ತಳಾದವಳು. ಬೇರೆಯವರ ಬರಹದಿಂದ ಭಾವನೆಯ ಪದಗಳನ್ನು ತೆಗೆಯುವುದು ನನ್ನ ಕೆಲಸವಾಗಿತ್ತು. 'ಹೃದಯವಿದ್ರಾವಕ' ತೆಗೆ, 'ಅಭೂತಪೂರ್ವ' ತೆಗೆ, ನಡೆದದ್ದು ಉಳಿಯಲಿ. ಇಲ್ಲಿಯೂ ಹಾಗೆ ಮಾಡಲು ನೋಡಿದೆ. ಹೊಟ್ಟೆಕಿಚ್ಚು ಎಂಬ ಪದವನ್ನು ಮಾತ್ರ ತೆಗೆಯಲಾಗಲಿಲ್ಲ. ಅದನ್ನು ತೆಗೆದರೆ ಮುಂದಿನ ಯಾವುದಕ್ಕೂ ಕಾರಣ ಉಳಿಯುವುದಿಲ್ಲ.

ನಮ್ಮ ಬಳಗ ದೊಡ್ಡದೇನಲ್ಲ. ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಗಲ್ಫಿನಿಂದ ಮರಳಿದ ಕೆಲವರು, ಮಣಿಪಾಲದಲ್ಲಿ ಪಾಠ ಮಾಡುವ ಒಬ್ಬಿಬ್ಬರು. ತಿಂಗಳಿಗೊಂದು ಭಾಷಣ. ಮುಚ್ಚಿದ ಹಂಚಿನ ಕಾರ್ಖಾನೆ, ಚರ್ಚಿನ ಹಳೆಯ ಶಾಲೆ, ಹೆದ್ದಾರಿ ಅಗಲವಾಗುವಾಗ ಹೋದ ಅಂಗಡಿ ಸಾಲು, ಇಂಥ ವಿಷಯಗಳು. ಭಾಷಣ ಮುಗಿದ ಮೇಲೆ ಗೋಳಿಬಜೆ ಮತ್ತು ಚಹಾ. ಕೆಲವರು ಗೋಳಿಬಜೆಯ ಹೊತ್ತು ನೋಡಿಕೊಂಡೇ ಬರುತ್ತಾರೆ ಎಂಬುದು ಬಳಗದ ಹಳೆಯ ತಮಾಷೆ. ನಾನು ಮಾತನಾಡಿದ ದಿನಗಳಲ್ಲಿ ಅದು ತಮಾಷೆಯಾಗಿರಲಿಲ್ಲ.

ನಾನು ಅಲ್ಲಿ ಅನೇಕ ಬಾರಿ ಮಾತನಾಡಿದ್ದೇನೆ. ಪ್ರತಿ ಸಲವೂ ಚಿತ್ರಗಳನ್ನು ತೋರಿಸಿದ್ದೇನೆ, ಪ್ರತಿ ಚಿತ್ರದ ಕೆಳಗೆ ಅದು ಎಲ್ಲಿಂದ ಸಿಕ್ಕಿತು ಎಂದು ಬರೆದಿದ್ದೇನೆ. ಜನ ಗೌರವದಿಂದ ಕೇಳುತ್ತಾರೆ. ಗೌರವದಿಂದ ಕೇಳುವುದು ಎಂದರೆ ಏನು ಎಂದು ಆ ಸೆಪ್ಟೆಂಬರ್‌ವರೆಗೆ ನಾನು ಯೋಚಿಸಿರಲಿಲ್ಲ.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮದುವೆಯಾದ ಮೇಲೆ ಬಹ್ರೈನಿಗೆ ಹೋದಳು. ಅಲ್ಲಿಯೇ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿ, ಭಾವ ನಿವೃತ್ತರಾದ ಮೇಲೆ ಅವರೊಂದಿಗೆ ಕಾಪುವಿಗೆ ಬಂದು ಮನೆ ಮಾಡಿದಳು. ಈ ಊರು ಬದಲಾಗುತ್ತಿದ್ದ ವರ್ಷಗಳಲ್ಲೆಲ್ಲ ಅವಳು ಇಲ್ಲಿರಲಿಲ್ಲ. ನಾನು ಇದ್ದೆ. ಯಾವ ಅಂಗಡಿ ಯಾವಾಗ ಮುಚ್ಚಿತು, ಯಾವ ರಸ್ತೆಗೆ ಯಾವಾಗ ಡಾಮರು ಬಂತು ಎಂದು ಕೇಳಿದರೆ ಹೇಳಬಲ್ಲೆ. ಆದರೆ ದಿನವೂ ನೋಡಿದವಳಿಗೆ ಹಳೆಯದರ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ. ಅಕ್ಕ ಹೊರಡುವಾಗ ಊರು ಹೇಗಿತ್ತೋ ಹಾಗೆಯೇ ತೆಗೆದುಕೊಂಡು ಹೋಗಿದ್ದಳು. ಹಾಗೆಯೇ ವಾಪಸು ತಂದಳು.

ನಾನು ಮತ್ತು ಅಕ್ಕ ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ಅವಳು ವೇದಿಕೆ ಹತ್ತಲು ಕಾರಣ ನನ್ನದೇ ಫೋನು. ಆ ತಿಂಗಳು ಮಾತನಾಡಬೇಕಿದ್ದವರಿಗೆ ಜ್ವರ ಬಂತು. ಬಳಗದ ಅಧ್ಯಕ್ಷರು, ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದವರು, ಶುಕ್ರವಾರ ನನಗೆ ಫೋನು ಮಾಡಿದರು. ಅಕ್ಕ ಅವತ್ತು ಮಣಿಪಾಲದ ನನ್ನ ಮನೆಗೆ ಬಂದಿದ್ದಳು. ಫೋನು ಸ್ಪೀಕರಿನಲ್ಲಿತ್ತು, ನಾನು ಬೀನ್ಸ್ ಹೆಚ್ಚುತ್ತಿದ್ದೆ.

"ಮೇಡಂ, ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಬಸ್ಸಿನ ಭಾಷಣ ರೆಡಿ ಉಂಟಲ್ವಾ, ಅದನ್ನೇ ಈ ಭಾನುವಾರ ಮಾಡುವಾ."

"ಅದು ಡಿಸೆಂಬರಿಗೆ ಕಾರ್ಕಳಕ್ಕೆ ಎಂದು ಇಟ್ಟದ್ದಲ್ವಾ ಸರ್? ಇನ್ನೂ ಚಿತ್ರ ಸೇರಿಸ್ಲಿಕ್ಕೆ ಉಂಟು."

"ಹೌದೌದು. ಹಾಗಾದ್ರೆ ಎಂತ ಮಾಡುವುದು ಮಾರಾಯ್ರೆ, ಹಾಲ್‌ಗೆ ಹೇಳಿ ಆಗಿದೆ, ಗೋಳಿಬಜೆಗೂ ಹೇಳಿ ಆಗಿದೆ."

ಅಕ್ಕ ಪಕ್ಕದಿಂದ, "ಗೋಳಿಬಜೆಗೆ ಹೇಳಿ ಆಗಿದ್ರೆ ನಾನು ಬೇಕಾದ್ರೆ ಮಾತಾಡ್ತೇನೆ ಸರ್. ಬಸ್ಸಲ್ಲಿ ಸೀಟು ಹಿಡಿಯುವುದು ಹೇಗೆ ಅಂತ. ಅದೂ ಇತಿಹಾಸವೇ ಅಲ್ವಾ, ಈಗ ಯಾರು ಹಿಡೀತಾರೆ?" ಎಂದಳು. ಅವಳು ತಮಾಷೆಗೆ ಹೇಳಿದ್ದು. ಅಧ್ಯಕ್ಷರು ತಮಾಷೆಗೆ ತೆಗೆದುಕೊಳ್ಳಲಿಲ್ಲ.

ನನ್ನ ಬಸ್ಸಿನ ಭಾಷಣ ಎಂದರೆ ಏನು ಎಂದು ಇಲ್ಲಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ಹಳ್ಳಿ, ಪೇಟೆಗಳ ಸುದ್ದಿ ಪತ್ರಿಕೆಗೆ ಬರುತ್ತಿದ್ದುದು ಖಾಸಗಿ ಬಸ್ಸುಗಳಲ್ಲಿ. ಕಾರ್ಕಳದ ಬಾತ್ಮೀದಾರರು ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ಪ್ರೆಸ್' ಎಂದು ಬರೆದು ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಕಂಡಕ್ಟರ್ ಅದನ್ನು ಡ್ರೈವರ್ ಮುಂದಿನ ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದ. ಉಡುಪಿ ಬಸ್ ನಿಲ್ದಾಣದಲ್ಲಿ ಟೈಂ ಕೀಪರನ ಮೇಜಿನ ಮೇಲೆ ಕವರುಗಳು ಒಟ್ಟಾಗುತ್ತಿದ್ದವು, ನಮ್ಮ ಕಚೇರಿಯವರು ಹೋಗಿ ತರುತ್ತಿದ್ದರು. ಕೆಲವು ಕವರುಗಳು ಮೀನಿನ ನೀರು ತಾಗಿ ಬರುತ್ತಿದ್ದವು. ಯಾವುದೋ ಊರಿನ ಭಜನಾ ಮಂಡಳಿಯ ಸುದ್ದಿ ಕುಂದಾಪುರದವರೆಗೆ ಹೋಗಿ, ಮರುದಿನ ವಾಪಸು ಬಂದು, ಇನ್ನೂ ಸುದ್ದಿಯಾಗಿಯೇ ಇರುತ್ತಿತ್ತು. ಇದನ್ನು ಯಾರೂ ಬರೆದಿಟ್ಟಿಲ್ಲ. ನಾನು ಹಳೆಯ ಬಾತ್ಮೀದಾರರ ಮನೆಗಳಿಗೆ ಹೋಗಿ ಕೇಳಿ, ಉಳಿದ ಕವರುಗಳ ಚಿತ್ರ ತೆಗೆದು, ಬಸ್ಸುಗಳ ಹಳೆಯ ವೇಳಾಪಟ್ಟಿ ಹುಡುಕಿ ಒಂದು ಭಾಷಣ ಸಿದ್ಧಮಾಡುತ್ತಿದ್ದೆ. ಡಿಸೆಂಬರಿನಲ್ಲಿ ಕಾರ್ಕಳದ ಗೆಳೆಯರ ಜೊತೆ ನಡೆಯುವ ವರ್ಷದ ಸಭೆಯಲ್ಲಿ ಒಬ್ಬರೇ ಮಾತನಾಡುವುದು. ಆ ಭಾಷಣ ಬಳಗದ ವಾರ್ಷಿಕ ಪುಸ್ತಕಕ್ಕೆ ಹೋಗುತ್ತದೆ. ಅದು ನನಗೆ ಬೇಕಿತ್ತು. ಬೇರೆ ಸಭೆಗಳ ಮಾತು ಗಾಳಿಗೆ ಹೋದರೂ ಸರಿ, ಇದು ಅಚ್ಚಿನಲ್ಲಿ ಉಳಿಯಬೇಕು ಎಂದಿತ್ತು.

ಕಡಿಯಾಳಿಯಲ್ಲಿ ಅಕ್ಕ ಚಿತ್ರ ತೋರಿಸಲಿಲ್ಲ. ಕೈಯಲ್ಲಿ ಒಂದು ಕರವಸ್ತ್ರ ಹಿಡಿದು ನಿಂತಳು.

"ಇದು ಎಂತ?" ಎಂದು ಕೇಳಿದಳು.

"ಕರ್ಚೀಫು," ಎಂದರು ಜನ.

"ಅಲ್ಲ. ಇದು ನಾನು. ನಾನು ಇನ್ನೂ ಕೆಳಗೆ ನಿಂತಿದ್ದೇನೆ, ಕಡ್ಲೆ ತಗೊಳ್ತಾ ಇದ್ದೇನೆ. ಆದ್ರೆ ಬಸ್ಸಿನೊಳಗೆ ನಾನು ಕೂತು ಆಗಿದೆ."

ಆಮೇಲೆ ನಿಂತದ್ದೇ ಇಲ್ಲ. ಕಿಟಕಿಯಿಂದ ಸೀಟಿನ ಮೇಲೆ ಏನೆಲ್ಲ ಎಸೆಯುತ್ತಿದ್ದರು, ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳುತ್ತಾ ಹೋದಳು. ಕರವಸ್ತ್ರವನ್ನು ಯಾರೂ ಮುಟ್ಟುವಂತಿಲ್ಲ. ಕೊಡೆಯಾದರೆ ಅತ್ತ ಸರಿಸಿ ಕೂರುವ ಧೈರ್ಯವಂತರು ಇರುತ್ತಿದ್ದರು. ಪೇಪರ್ ಇಟ್ಟರೆ ಯಾರಾದರೂ ತೆಗೆದು ಓದಲು ಶುರುಮಾಡುತ್ತಿದ್ದರು, ಸೀಟೂ ಹೋಯಿತು, ಪೇಪರೂ ಹೋಯಿತು. ಎಲ್ಲಕ್ಕಿಂತ ಗಟ್ಟಿ ಎಂದರೆ ಮಗು. ಮಗುವನ್ನು ಎತ್ತಿ ಕಿಟಕಿಯಿಂದ ಒಳಗೆ ತೂರಿಸಿ ಬಿಡುವುದು. ಮಗು ಸೀಟಿನ ಮೇಲೆ ಕಾಲು ಚಾಚಿ ಕೂತು, ಬಂದವರಿಗೆಲ್ಲ 'ಜನ ಉಂಟು' ಎನ್ನಬೇಕು. ಈ ಸೀಟಿಗೆ ಜನ ಬರಲಿದ್ದಾರೆ ಎಂದು ಅರ್ಥ. ಜನ ಉಂಟು ಎಂದ ಮೇಲೆ ಪಟೇಲನಾದರೂ ಮುಂದೆ ಹೋಗಬೇಕು.

ಅಲ್ಲಿಗೆ ಅವಳು ಆ ಕತೆಗೆ ಬಂದಳು.

"ನವರಾತ್ರಿ. ಅಮ್ಮ ನಮ್ಮನ್ನು ಇದೇ ಕಡಿಯಾಳಿ ದೇವಸ್ಥಾನಕ್ಕೆ ಕರ್ಕೊಂಡು ಬಂದಿದ್ರು. ವಾಪಸು ಕಾಪುವಿಗೆ ಹೋಗ್ಬೇಕು. ಬಸ್ ಸ್ಟ್ಯಾಂಡಲ್ಲಿ ಎರಡು ಬಸ್ಸು, ಒಂದೇ ಕಂಪೆನಿ, ಒಂದೇ ಬಣ್ಣ, ಪಕ್ಕಪಕ್ಕ. ಅಮ್ಮ ನನ್ನನ್ನು ಎತ್ತಿ ಕಿಟಕಿಯಿಂದ ಹಾಕಿದ್ರು. ಹಾಕಿ, ಸುತ್ತು ಬಂದು ಬಾಗಿಲಲ್ಲಿ ಹತ್ತಿದ್ರು. ಹತ್ತಿದ್ದು ಕಾಪು ಬಸ್ಸು. ನನ್ನನ್ನು ಹಾಕಿದ್ದು ಕಾರ್ಕಳದ ಬಸ್ಸಿಗೆ!"

ಸಭಾಂಗಣ ನಗುತ್ತಿತ್ತು. ಕಂಡಕ್ಟರ್ 'ರೈಟ್ ಪೋಯಿ' ಎಂದ, ಬಸ್ಸು ಹೊರಟಿತು. ಹಿರಿಯಡ್ಕದವರೆಗೂ ತಾನು ಯಾರನ್ನೂ ಕೂರಲು ಬಿಡಲಿಲ್ಲ, ಕಂಡಕ್ಟರ್ 'ಅಮ್ಮ ಎಲ್ಲಿ?' ಎಂದು ಕೇಳಿದ್ದಕ್ಕೂ 'ಬರ್ತಾರೆ' ಎಂದೇ ಉತ್ತರ, ಹಿರಿಯಡ್ಕದಲ್ಲಿ ಒಬ್ಬ ಹೆಂಗಸು ಕಾಲು ಕಟ್ಟಿದ ಕೋಳಿ ಹಿಡಿದುಕೊಂಡು ಹತ್ತಿ ಅರ್ಧ ಸೀಟಿನಲ್ಲಿ ಕೂತೇಬಿಟ್ಟಳು, ಅವಳಿಗೂ 'ಜನ ಉಂಟು' ಎಂದರೆ ಅವಳು 'ಕೋಳಿಯೂ ಉಂಟು' ಎಂದಳು. ಹೀಗೆ ಅಕ್ಕ ಹೇಳಿದಳು. ಕಾರ್ಕಳದಿಂದ ಅದೇ ಬಸ್ಸಿನ ವಾಪಸು ಟ್ರಿಪ್ಪಿನಲ್ಲಿ ಕಂಡಕ್ಟರ್ ಅವಳನ್ನು ತಂದು ಟೈಂ ಕೀಪರನ ಮೇಜಿನ ಮೇಲೆ ಕೂರಿಸಿದ್ದನಂತೆ. ಕಾಪುವಿನಿಂದ ಓಡಿ ಬಂದ ಅಮ್ಮ ಅಳುತ್ತಿದ್ದರೆ ಇವಳು ಹೇಳಿದ್ದು, 'ಎಷ್ಟು ಹೊತ್ತು ಸೀಟು ಹಿಡಿಯುವುದು ಅಮ್ಮ?'

ನಾನು ಎರಡನೇ ಸಾಲಿನಲ್ಲಿ ಅವಳ ಹ್ಯಾಂಡ್‌ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕತೆಯಲ್ಲಿ ಒಂದೇ ದೊಡ್ಡ ತಪ್ಪು. ಕಾರ್ಕಳಕ್ಕೆ ಹೋದದ್ದು ಅವಳಲ್ಲ, ನಾನು.

ಬಿಸಿಯಾದ ರೆಕ್ಸಿನ್ ಸೀಟು ತೊಡೆಗೆ ಅಂಟುತ್ತಿದ್ದುದು ನನಗೆ ನೆನಪಿದೆ. ಕೋಳಿಯ ಕಣ್ಣು ನೆನಪಿದೆ. ಚಿಕ್ಕಂದಿನಿಂದ ಅದು ನನ್ನ ನೆನಪು. ಯಾರಿಗೂ ಹೇಳದೆ ಇಟ್ಟುಕೊಂಡದ್ದಲ್ಲ, ಹೇಳುವಂಥದ್ದು ಎಂದು ನನಗೆ ತೋಚಿರಲೇ ಇಲ್ಲ.

ಚಹಾದ ಹೊತ್ತಿಗೆ ಗೋಳಿಬಜೆ ತಣ್ಣಗಾಗಿತ್ತು. ಜನ ಅಕ್ಕನ ಸುತ್ತ ನಿಂತು ತಮ್ಮ ತಮ್ಮ ಬಸ್ಸಿನ ಕತೆ ಹೇಳುತ್ತಿದ್ದರು. "ಜೋರು ಹುಡುಗಿ ಮಾರಾಯ್ರೆ ನೀವು," ಎಂದು ಒಬ್ಬರು ನಕ್ಕರು. ಅಧ್ಯಕ್ಷರು ನನ್ನ ಬಳಿ ಬಂದು, "ಎಂತ ಮೇಡಂ, ಇಷ್ಟು ದಿನ ಅಕ್ಕನನ್ನು ಅಡಗಿಸಿ ಇಟ್ಟಿದ್ರಾ?" ಎಂದರು. ನಾನು ನಕ್ಕೆ. ಅವರು ಅದನ್ನು ನಗು ಎಂದೇ ತಿಳಿದರು.

ಕಾರು ಹತ್ತುವಾಗ ಅಕ್ಕನಿಗೆ ಹೇಳಿದೆ, "ಅದು ನಾನು. ಕಾರ್ಕಳಕ್ಕೆ ಹೋದದ್ದು ನಾನು."

"ನೀನಾ? ಹೋಗು ಮಾರಾಯ್ತಿ. ನಿನ್ನನ್ನು ಕಿಟಕಿಯಿಂದ ತೂರಿಸ್ಲಿಕ್ಕೆ ಆಗ್ತಿತ್ತಾ? ನೀನು ಆಗ ಸುತ್ತ ಎಷ್ಟು ಇದ್ದಿ ಗೊತ್ತುಂಟಾ? ನಾನು ಕಡ್ಡಿ ಹಾಗೆ ಇದ್ದೆ."

"ನಾನು ಸಣ್ಣವಳು. ಸಣ್ಣವಳನ್ನೇ ಹಾಕುವುದು."

"ಸಣ್ಣವಳು ವಯಸ್ಸಲ್ಲಿ. ಕಿಟಕಿಗೆ ವಯಸ್ಸು ಗೊತ್ತಾಗ್ತದಾ?"

"ಮತ್ತೆ ಆ ಟೈಂ ಕೀಪರನ ಮೇಜು ನೀನು ಹೇಳಿದ ಕಡೆ ಇರಲಿಲ್ಲ. ಅದು ಆಚೆ ಬದಿಯಲ್ಲಿತ್ತು."

"ನನ್ನ ಭಾಷಣ ಕೇಳಿ ಯಾರಿಗಾದ್ರೂ ಬಸ್ಸು ತಪ್ಪಿತಾ?" ಎಂದಳು ಅಕ್ಕ. ಭಾವ ಸ್ಟೀರಿಂಗ್ ಹಿಡಿದು ಕೆಮ್ಮಿದರು. ಅದು ಅವರು ನಗುವ ರೀತಿ.

ಆ ವಾರ ಯಾರೋ ಮೊಬೈಲಿನಲ್ಲಿ ತೆಗೆದ ಅವಳ ಭಾಷಣದ ತುಂಡು ವಾಟ್ಸ್ಯಾಪಿನಲ್ಲಿ ಓಡಾಡಿತು. ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೂ ಬಂತು. ಲಿಫ್ಟಿನಲ್ಲಿ ಕೆಳಗಿನ ಮನೆಯವರು, "ಅದು ನಿಮ್ಮ ಅಕ್ಕ ಅಂತೆ ಅಲ್ವಾ? ನೀವೂ ಏನೋ ಮಾತಾಡ್ತೀರಂತೆ," ಎಂದರು. ಆ 'ನೀವೂ' ಮತ್ತು ಆ 'ಏನೋ' ಎರಡನ್ನೂ ನಾನು ಮೇಲಿನ ನನ್ನ ಮನೆಗೆ ಹೊತ್ತು ತಂದೆ.

ನನ್ನ ಅಸೂಯೆಗೆ ಅವಳ ಕೀರ್ತಿ ಕಾರಣವಲ್ಲ ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ನಿಖರತೆಯ ಪ್ರಶ್ನೆ, ದಾಖಲೆಯ ಪ್ರಶ್ನೆ. ಇಂಥ ವಿವರಣೆಗಳನ್ನು ರಾಜಕಾರಣಿಗಳು ಕೊಡುವಾಗ ನಾನು ಉದ್ಧರಣ ಚಿಹ್ನೆಯೊಳಗೆ ಹಾಕುತ್ತಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಅಧ್ಯಕ್ಷರು ಮತ್ತೆ ಫೋನು ಮಾಡಿದರು. ಕಾರ್ಕಳದವರು ಕೇಳುತ್ತಿದ್ದಾರಂತೆ, ಆ ಸೀಟು ಹಿಡಿಯುವ ಅಕ್ಕ ಬರುತ್ತಾರಾ ಎಂದು.

"ನಿಮ್ಮದು ಬಸ್ಸು, ಅವರದ್ದೂ ಬಸ್ಸು. ಎಂತ ಮಾಡುವಾ ಹೇಳಿ ಮೇಡಂ. ಇಬ್ಬರೂ ಅರ್ಧರ್ಧ ಮಾತಾಡುವುದಾ?"

ಅರ್ಧ ಭಾಷಣದಲ್ಲಿ ಬಾತ್ಮೀದಾರರ ಕವರು ಉಡುಪಿಯವರೆಗೂ ತಲಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳ ನಂತರ ಮಾತನಾಡುವುದು ನನಗೆ ಬೇಕಿರಲಿಲ್ಲ, ಅವಳ ಮೊದಲು ಮಾತನಾಡುವುದೂ ಬೇಕಿರಲಿಲ್ಲ. ನಾನು ಹೇಳಿದೆ, "ಬೇಡ ಸರ್. ಅವಳೇ ಮಾತಾಡ್ಲಿ."

ನಮ್ಮ ಕಡೆ ಊಟಕ್ಕೆ ಕೂತವರು 'ಸಾಕು' ಎಂದರೆ ಅಲ್ಲಿಗೆ ಬಿಡುವುದಿಲ್ಲ. ಒಂದು ಸೌಟು ಹಾಕಿಯೇ ಹಾಕುತ್ತಾರೆ. ಸಾಕು ಎನ್ನುವವರಿಗೂ ಅದು ಗೊತ್ತಿರುತ್ತದೆ. ಅಧ್ಯಕ್ಷರೂ ಈ ಊರಿನವರೇ. ಒಮ್ಮೆ ಒತ್ತಾಯ ಮಾಡುತ್ತಾರೆ, ಆಗ ಒಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ.

"ದೊಡ್ಡ ಮನಸ್ಸು ಮೇಡಂ ನಿಮ್ಮದು," ಎಂದು ಅವರು ಫೋನು ಇಟ್ಟರು.

ಭಾಷಣ ಹೋಯಿತು, ಪುಸ್ತಕವೂ ಹೋಯಿತು. ಇನ್ನು ಕತೆಯಾದರೂ ನನ್ನದು ಎಂದು ಖಚಿತವಾಗಲಿ ಎಂದು ಮರುವಾರ ಪಡುಬಿದ್ರಿಗೆ ಹೋದೆ. ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ, ಅಮ್ಮನ ತಂಗಿ. ಅಮ್ಮ ತೀರಿಕೊಂಡ ಮೇಲೆ ಆ ಕಾಲಕ್ಕೆ ಉಳಿದ ಸಾಕ್ಷಿ ಅವರೊಬ್ಬರೇ. ನೆನಪು ಚುರುಕು, ನಾಲಗೆ ಇನ್ನೂ ಚುರುಕು. ಹಿತ್ತಲ ಮೆಟ್ಟಿಲಲ್ಲಿ ಕೂತು ಸಿಗಡಿ ಬಿಡಿಸುತ್ತಿದ್ದರು.

"ಅದನ್ನು ಕೇಳ್ಲಿಕ್ಕೆ ಮಣಿಪಾಲದಿಂದ ಬಂದದ್ದಾ?" ಎಂದರು.

"ಹೌದು. ಅಮ್ಮ ಯಾರನ್ನು ಹಾಕಿದ್ದು?"

"ನಿಮ್ಮ ಅಮ್ಮ ಯಾರು ಕೈಗೆ ಸಿಗ್ತಾರೋ ಅವರನ್ನು ಹಾಕುವುದು ಮಗಾ. ಒಮ್ಮೆ ನೀನು, ಒಮ್ಮೆ ಅವಳು. ಒಮ್ಮೆ ನನ್ನ ಮಗನನ್ನು ಹಾಕಿದ್ದಳು, ಅವನಿಗೆ ಮೀಸೆ ಬರ್ತಾ ಇತ್ತು."

"ಆ ದಿನ, ಚಿಕ್ಕಮ್ಮ. ಕಾರ್ಕಳಕ್ಕೆ ಹೋದ ದಿನ."

"ಆ ದಿನ ನಾನು ಇಲ್ಲೇ ಇದ್ದೆ. ಆಮೇಲೆ ಬಂದು ಹೇಳಿದಳು, 'ಬಾಲೆ ಕಾರ್ಕಳಕ್ಕೆ ಹೋಗಿ ಬಂತು' ಅಂತ." ಬಾಲೆ ಎಂದರೆ ತುಳುವಿನಲ್ಲಿ ಮಗು. ಹುಡುಗ, ಹುಡುಗಿ, ದೊಡ್ಡದು, ಸಣ್ಣದು, ಎಲ್ಲದಕ್ಕೂ ಅದೇ ಪದ.

"ಯಾವ ಬಾಲೆ ಎಂದು ನೀವು ಕೇಳಲಿಲ್ವಾ?"

ಚಿಕ್ಕಮ್ಮ ಸಿಗಡಿ ಬಿಟ್ಟು ನನ್ನ ಮುಖ ನೋಡಿದರು. "ಸಿಕ್ಕಿತಲ್ಲ. ಸಿಕ್ಕಿದ ಮೇಲೆ ಯಾವುದು ಎಂದು ಎಂತಕ್ಕೆ ಕೇಳುವುದು?"

ಕೋಳಿಯ ವಿಷಯ ಕೇಳಿದೆ. ಅದು ಅವರಿಗೆ ಗೊತ್ತಿತ್ತು. ಕೋಳಿಯ ಕತೆಯನ್ನು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳಂತೆ, ನಮ್ಮಿಬ್ಬರಿಗೆ ಊಟ ಮಾಡಿಸುವಾಗಲೂ. ಹಾಗಾದರೆ ಕೋಳಿಯ ಕಣ್ಣು ನಾನು ನೋಡಿದ್ದೋ, ಅನ್ನದ ತುತ್ತಿನ ಜೊತೆ ಕೇಳಿದ್ದೋ ಹೇಳಲು ಬರುವುದಿಲ್ಲ. ಅಕ್ಕನಿಗೂ ಹಾಗೆಯೇ. ಸುದ್ದಿಮನೆಯಲ್ಲಿ ಇಂಥ ಪ್ರತಿಯ ಅಂಚಿನಲ್ಲಿ 'ಖಚಿತವಾಗಿಲ್ಲ' ಎಂದು ಬರೆದು ಬದಿಗಿಡುತ್ತಿದ್ದೆವು.

ನಾನು ಬದಿಗಿಡಲಿಲ್ಲ. ಡಿಸೆಂಬರಿನಲ್ಲಿ ಕಾರ್ಕಳಕ್ಕೆ ಹೊರಟ ದಿನ ಮತ್ತೆ ಎತ್ತಿದೆ. ಬಸ್ಸಿನ ಭಾಷಣಕ್ಕೆ ಕಾರಿನಲ್ಲಿ ಹೋಗುವುದಾ ಎಂದು ಅಕ್ಕ ಹಟ ಹಿಡಿದದ್ದರಿಂದ ನಾವಿಬ್ಬರು ಉಡುಪಿಯಿಂದ ಬಸ್ಸಿನಲ್ಲೇ ಹೋದೆವು. ನಾನು ಕೆಳಗೆ ನೀರಿನ ಬಾಟಲಿ ತೆಗೆದುಕೊಳ್ಳುತ್ತಿದ್ದಾಗ ಅವಳು ಮೇಲೆ ಹತ್ತಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿದ್ದಳು. ನಾನು ಹತ್ತುವಾಗ ಕಾಲೇಜಿನ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದಳು.

"ಜನ ಉಂಟು," ಎಂದಳು ಅಕ್ಕ.

"ಎಲ್ಲಿ ಆಂಟಿ?" ಎಂದು ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ಸೀಟು ನೋಡಿದಳು. ಕರವಸ್ತ್ರ ಎತ್ತಿ, "ಇದು ಬಿದ್ದಿದೆ ನಿಮ್ಮದು," ಎಂದು ಅಕ್ಕನ ಕೈಗೆ ಕೊಟ್ಟಳು.

ಅಕ್ಕ ಹಿರಿಯಡ್ಕದವರೆಗೂ ಅದನ್ನೇ ಹೇಳಿ ನಗುತ್ತಿದ್ದಳು. ಹುಡುಗಿ ಬೇರೆ ಸೀಟಿಗೆ ಹೋಗಿದ್ದಳು, ಬಸ್ಸಿನಲ್ಲಿ ಖಾಲಿ ಸೀಟುಗಳು ಬೇಕಾದಷ್ಟಿದ್ದವು. ಅಕ್ಕನ ನಗು ನಿಂತ ಮೇಲೆ ನಾನು ಪಡುಬಿದ್ರಿಗೆ ಹೋಗಿ ಬಂದದ್ದನ್ನು ಹೇಳಿದೆ.

"ಚಿಕ್ಕಮ್ಮನ ಹತ್ತಿರ ಹೋಗಿ ಕೇಳಿದಿಯಾ? ಪೊಲೀಸ್ ಕಂಪ್ಲೇಂಟ್ ಕೊಡ್ಲಿಲ್ವಾ?"

"ಖಚಿತ ಇಲ್ಲದ್ದನ್ನು ನೀನು ಸಭೆಯಲ್ಲಿ ಹೇಳಬಾರದು."

"ನಿನಗೆ ಅಷ್ಟು ಬೇಕಾ ಅದು?"

ನಾನು ಪರ್ಸು ತೆರೆದು ಚಿಲ್ಲರೆ ಎಣಿಸಿದೆ. ಕಂಡಕ್ಟರ್ ಟಿಕೆಟು ಕೊಟ್ಟು ಹೋದ.

"ಬೇಕಾದ್ರೆ ನೀನೇ ಇಟ್ಕೋ ಮಾರಾಯ್ತಿ," ಎಂದಳು ಅಕ್ಕ. "ನಂಗೆ ಯಾರು ಹೋದ್ರೂ ಒಂದೇ. ಇವತ್ತು ನಿನ್ನ ಹೆಸರಲ್ಲೇ ಹೇಳ್ತೇನೆ. ಖುಷಿಯಾ?"

ಹೇಳಿದಳು ಕೂಡ. ಕಾರ್ಕಳದ ಸಭಾಂಗಣ ತುಂಬಿತ್ತು, ಹಿಂದೆ ನಿಂತವರೂ ಇದ್ದರು. ಕರವಸ್ತ್ರ, ಕೊಡೆ, ಪೇಪರ್, ಎಲ್ಲ ಕಡಿಯಾಳಿಯ ಹಾಗೆಯೇ. ಬಸ್ಸಿನ ಹುಡುಗಿ ಕರವಸ್ತ್ರ ಎತ್ತಿ ಕೊಟ್ಟದ್ದನ್ನು ಅಷ್ಟರಲ್ಲೇ ಸೇರಿಸಿಬಿಟ್ಟಿದ್ದಳು, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬಂತು. ಆ ಹುಡುಗಿಯನ್ನು ನಾನೂ ನೋಡಿದ್ದೆ. ನನಗೆ ಅದರಲ್ಲಿ ಭಾಷಣ ಕಂಡಿರಲಿಲ್ಲ.

"ನನ್ನ ತಂಗಿ," ಎಂದು ಅವಳು ಕತೆಗೆ ಬಂದಳು. "ಇಗೋ, ಅಲ್ಲಿ ಕೂತಿದ್ದಾಳೆ, ಕನ್ನಡಕ ಹಾಕಿದವಳು. ಅಮ್ಮ ಅವಳನ್ನು ಎತ್ತಿ ಕಿಟಕಿಯಿಂದ ಹಾಕಿದ್ರು."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ನೆಟ್ಟಗೆ ಕೂತೆ.

ಆದರೆ ಕಡಿಯಾಳಿಯಲ್ಲಿ ಹೇಳುವಾಗ ಕಾರ್ಕಳದ ಬಸ್ಸಿನೊಳಗೆ ನಡೆದ ಕತೆ ಈಗ ಉಡುಪಿಯ ಬಸ್ ನಿಲ್ದಾಣದಲ್ಲಿ ನಡೆಯಿತು. ಹೊರಗೆ ನಿಂತ ಮಗು ಈಗ ಅಕ್ಕ. ಬಸ್ಸು ಹೊರಡುವಾಗ ಕಿಟಕಿಯಲ್ಲಿ ತಂಗಿಯ ಮುಖ ಕಂಡವಳು ಅವಳು. ಅಮ್ಮನ ಸೆರಗು ಎಳೆದು 'ಅಮ್ಮ, ನಮ್ಮ ಸೀಟು ಹೋಗ್ತಾ ಉಂಟು' ಎಂದವಳು ಅವಳು. ಟೈಂ ಕೀಪರನ ಮೇಜಿನ ಮೇಲೆ ಕೈ ಬಡಿದು ಬಸ್ಸು ನಿಲ್ಲಿಸಲು ಹೇಳಿದವಳೂ ಅವಳು. ಒಳಗಿದ್ದ ನಾನು ಕಾರ್ಕಳದವರೆಗೂ ಅಳುತ್ತಾ ಹೋದೆ, ಕಂಡಕ್ಟರ್ ಗೋಲಿ ಸೋಡಾ ಕುಡಿಸಿದ ಮೇಲೆ ಅಳು ನಿಂತಿತು ಎಂದಳು. ಕೋಳಿ ಇತ್ತು. 'ಕೋಳಿಯೂ ಉಂಟು' ಎಂಬ ಮಾತು ಕೇಳಿ ನಾನು ಇನ್ನೂ ಜೋರಾಗಿ ಅತ್ತೆನಂತೆ.

ಸಭೆ ಅವಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಹಾದ ಹೊತ್ತಿಗೆ ನನ್ನ ಬಳಿಗೂ ಜನ ಬಂದರು.

"ಅದು ನೀವಾ? ಪಾಪ," ಎಂದರು ಒಬ್ಬರು.

"ಪಾಪ, ಈಗಲೂ ಬಸ್ಸಲ್ಲಿ ಹೋಗ್ಲಿಕ್ಕೆ ಹೆದರಿಕೆ ಆಗ್ತದಾ?" ಎಂದರು ಇನ್ನೊಬ್ಬರು.

ಸೆಪ್ಟೆಂಬರಿನಲ್ಲಿ ಅದೇ ಮಗು ಅಕ್ಕನಾಗಿದ್ದಾಗ ಅದು ಜೋರು ಹುಡುಗಿ. ಡಿಸೆಂಬರಿನಲ್ಲಿ ನಾನಾದ ಮೇಲೆ ಪಾಪ.

ವಾಪಸು ಬರುವಾಗ ಅಕ್ಕ ಕೇಳಿದಳು, "ಎಂತ, ಮುಖ ಊದಿಸಿಕೊಂಡಿದ್ದಿ? ನಿನ್ನ ಹೆಸರಲ್ಲೇ ಹೇಳಿದೆ ಅಲ್ವಾ?"

"ನಾನು ಅಳಲಿಲ್ಲ."

"ಖಚಿತವಾ?" ಎಂದಳು ಅವಳು.

ಆ ಸಭೆಯ ವರದಿಯನ್ನೂ ನಾನೇ ಬರೆದೆ. ಅದು ಎಲ್ಲ ಪತ್ರಿಕೆಗಳಲ್ಲೂ ಬಂತು, ಒಂದರಲ್ಲಿ ಅಕ್ಕನ ಚಿತ್ರದ ಜೊತೆ. ಚಿತ್ರದಲ್ಲಿ ಅವಳ ಹಿಂದೆ ಅಧ್ಯಕ್ಷರು ಬಾಯಿ ತೆರೆದು ನಗುತ್ತಿದ್ದಾರೆ. ನಾನು ಮಾತನಾಡಿದ ಯಾವ ಸಭೆಯ ಚಿತ್ರದಲ್ಲೂ ಅವರ ಹಲ್ಲು ಕಂಡದ್ದಿಲ್ಲ. ಹಳೆಯ ಚಿತ್ರಗಳನ್ನು ತೆಗೆದು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಜನವರಿಯಲ್ಲಿ ವಾರ್ಷಿಕ ಪುಸ್ತಕದ ಕೆಲಸ ಶುರುವಾಯಿತು. ಅಕ್ಕನಿಗೆ ಬರೆಯುವ ಅಭ್ಯಾಸವಿಲ್ಲ. ಧ್ವನಿಮುದ್ರಣ ಕೇಳಿ ಬರಹಕ್ಕೆ ಇಳಿಸುವ ಕೆಲಸವನ್ನು ಅಧ್ಯಕ್ಷರು ನನಗೆ ಕೊಟ್ಟರು. "ನಿಮಗಿಂತ ಚೆನ್ನಾಗಿ ಯಾರು ಮಾಡ್ತಾರೆ ಮೇಡಂ?" ಎಂದರು. ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿತ್ತು.

ಎರಡು ಧ್ವನಿಮುದ್ರಣಗಳಿದ್ದವು, ಒಂದು ಕಡಿಯಾಳಿಯದು, ಒಂದು ಕಾರ್ಕಳದ್ದು. ಒಂದರಲ್ಲಿ ಬಸ್ಸಿನೊಳಗಿನ ಮಗು 'ನಾನು', ಇನ್ನೊಂದರಲ್ಲಿ 'ನನ್ನ ತಂಗಿ'. ಹಲವು ದಿನ ಅವಳ ದನಿಯನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ ಬರೆದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಜನರನ್ನು ನಗಲು ಬಿಡಬೇಕು ಎಂದು ಅವಳಿಗೆ ಗೊತ್ತು. ಯಾರೂ ಕಲಿಸಿದ್ದಲ್ಲ. ಬರಹಕ್ಕೆ ಇಳಿಸುವಾಗ ನಗುವಿನ ಜಾಗದಲ್ಲಿ ಏನನ್ನೂ ಬರೆಯಲಾಗುವುದಿಲ್ಲ, ಆದ್ದರಿಂದ ಹಾಳೆಯ ಮೇಲೆ ಅವಳ ಮಾತು ಸ್ವಲ್ಪ ಚಿಕ್ಕದಾಗಿ ಕಂಡಿತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಎರಡನೇ ಸಲ ಓದಿದಾಗ ಹಾಳೆಯ ಮೇಲೂ ಚೆನ್ನಾಗಿಯೇ ಇತ್ತು.

ಯಾವ ಭಾಷಣ ಹಾಕಲಿ ಎಂದು ಅಕ್ಕನಿಗೆ ಫೋನು ಮಾಡಿ ಕೇಳಿದೆ.

"ಯಾವುದು ಚಂದ ಉಂಟೋ ಅದು ಹಾಕು. ನೀನು ಪೇಪರಲ್ಲಿ ಇದ್ದವಳಲ್ವಾ, ನಿನಗೆ ಗೊತ್ತಾಗ್ತದೆ," ಎಂದಳು. ಹಿಂದಿನಿಂದ ಕುಕ್ಕರ್ ಕೂಗುತ್ತಿತ್ತು.

ವರ್ಷದ ಸಭೆ ನಡೆದದ್ದು ಕಾರ್ಕಳದಲ್ಲಿ. ಪದ್ಧತಿಯ ಪ್ರಕಾರ ಪುಸ್ತಕಕ್ಕೆ ಹೋಗಬೇಕಾದದ್ದು ಆ ಭಾಷಣ. ಆದರೆ ಅಲ್ಲಿಯ ಧ್ವನಿಮುದ್ರಣದಲ್ಲಿ ಫ್ಯಾನಿನ ಸದ್ದು ಇತ್ತು, ಕೆಲವು ವಾಕ್ಯ ಸ್ಪಷ್ಟವಿರಲಿಲ್ಲ. ಇದನ್ನು ಅಧ್ಯಕ್ಷರಿಗೆ ತಿಳಿಸಿದೆ. ಎರಡರಲ್ಲೂ ಇರುವುದು ಅದೇ ಅಲ್ವಾ, ಯಾವುದಾದರೂ ಆದೀತು ಎಂದರು. ಪುಸ್ತಕ ಮಾರ್ಚ್ ತಿಂಗಳಲ್ಲಿ ಅಚ್ಚಾಗಿ ಬಂತು. ಅದರಲ್ಲಿರುವುದು ಕಡಿಯಾಳಿಯ ಭಾಷಣ. ಕಾರ್ಕಳಕ್ಕೆ ಹೋದ ಮಗು ಅಕ್ಕ. ಯಾರೂ ಅಳುವುದಿಲ್ಲ.

ಬಸ್ಸಿನಲ್ಲಿ ಬಂದ ಸುದ್ದಿಗಳ ಬಗ್ಗೆ ನನ್ನ ಭಾಷಣಕ್ಕೆ ಬಳಗ ಮುಂದಿನ ತಿಂಗಳ ಎರಡನೇ ಭಾನುವಾರವನ್ನು ಕೊಟ್ಟಿದೆ. ಆಮಂತ್ರಣ ನಿನ್ನೆ ಬಂತು. ಕಾರ್ಯಕ್ರಮ ನಿರೂಪಣೆ ಅಕ್ಕನದು.